ಒಂದು ದಿನವೂ ಕಡಿಮೆ ಬೇಡ

ಮೇ 6

ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಮಗ ಜೈಲಿನಲ್ಲಿರುವಾಗ ಹೇಗಿರುತ್ತೀರೆಂದು ಗೊತ್ತು. ಫೋನು ಮಾಡಬಹುದಿತ್ತು. ಆದರೆ ನಾವಿಬ್ಬರೂ ಫೋನಿನಲ್ಲಿ ಮಾತು ಮುಗಿಸಿದ್ದೇ ಇಲ್ಲ, ಯಾರಾದರೊಬ್ಬರು ನಡುವೆಯೇ ಫೋನು ಕುಕ್ಕಿಬಿಡುತ್ತೇವೆ. ಕಾಗದವಾದರೆ ಹರಿದು ಹಾಕುವ ಮೊದಲು ಓದಿಯಾದರೂ ಓದುತ್ತೀರಿ.

ನಿನ್ನೆ ಅಣ್ಣನ ವಕೀಲರು ನಮ್ಮ ಅಂಗಡಿಗೆ ಬಂದಿದ್ದರು. ನೀವು ಕಳಿಸಿದ್ದು ಎಂದರು. ಕುಶನ್ ಅಂಗಡಿಯಲ್ಲಿ ಕೂರಲು ಒಂದು ನೆಟ್ಟಗಿನ ಕುರ್ಚಿ ಇರುವುದಿಲ್ಲ, ಎಲ್ಲವೂ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತವೆ. ಪಾಪ, ನಿಂತೇ ಮಾತಾಡಿದರು. ಮೊದಲು ಪೊಲೀಸರ ಕಥೆ ಹೇಳಿದರು: ಅಣ್ಣನ ಬಾಡಿಗೆ ಕಾರನ್ನು ಹೆದ್ದಾರಿಯಲ್ಲಿ ನಿಲ್ಲಿಸಿ, ಹಿಂದಿನ ಸೀಟು ಕುಯ್ದು ನೋಡಿದರೆ ಫೋಮಿನ ನಡುವೆ ಮತ್ತಿನ ಪುಡಿಯ ಪೊಟ್ಟಣಗಳು. ಆಮೇಲೆ ಅಣ್ಣನ ಕಥೆ: ಸೀಟಿನೊಳಗೆ ಏನಿತ್ತೆಂದು ಅವನಿಗೆ ಗೊತ್ತೇ ಇಲ್ಲ, ಸೀಟು ಹೊಲಿದವರು ಅಂಗಡಿಯವರು. ಗೊತ್ತಿರಲಿಲ್ಲವೆಂದು ನ್ಯಾಯಾಧೀಶರು ಒಪ್ಪಿದರೆ ಅಣ್ಣ ಮನೆಗೆ. ಒಪ್ಪದಿದ್ದರೆ ಹತ್ತು ವರ್ಷ.

"ಆ ಸೀಟು ಹೊಲಿದಿದ್ದು ನೀವೇ ತಾನೇ?" ಎಂದು ಕೇಳಿದರು.

"ಹೌದು. ಹೋದ ವರ್ಷ."

"ಆಮೇಲೆ ಅದನ್ನ ಯಾರೂ ಬಿಚ್ಚಿಲ್ಲ ಅಂತ ಹೇಳಿದ್ರೆ ಸಾಕು."

"ಕಾರು ಅವನ ಹತ್ರ ಇತ್ತು. ಬಿಚ್ಚಿಲ್ಲ ಅಂತ ನಾನು ಹೇಗೆ ಹೇಳಲಿ?"

"ನೀವು ಬುದ್ಧಿವಂತೆ ಅಂತ ನಿಮ್ಮ ತಂದೆಯವರು ಹೇಳಿದ್ರು."

"ಅವರು ಹಾಗೆ ಹೇಳಿರಲಿಕ್ಕಿಲ್ಲ ಬಿಡಿ" ಎಂದೆ.

ಹಿಂದೆ ಕೂತಿದ್ದ ಮೊಳೆ ಮಾಮ ಕಿಸಕ್ಕನೆ ನಕ್ಕ. ಅವನು ಅಂಗಡಿಯ ಹಳೆಯ ಕೆಲಸಗಾರ. ಬಾಯಿ ತುಂಬ ಮೊಳೆ ಇಟ್ಟುಕೊಂಡೇ ಕೆಲಸ ಮಾಡುತ್ತಾನೆ, ನಕ್ಕರೂ ಒಂದು ಮೊಳೆ ಕೆಳಗೆ ಬೀಳುವುದಿಲ್ಲ.

ವಕೀಲರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಸಿಕ್ಕಿಬೀಳುವ ಹಿಂದಿನ ವಾರ ಅಣ್ಣ ಅಂಗಡಿಗೆ ಬಂದಿದ್ದ. "ಸೀಟಿನ ಹೊಲಿಗೆ ಬಿಟ್ಟಿದೆ, ನಿನ್ನ ಬಾಗಿದ ಸೂಜಿ ಕೊಡು" ಎಂದ. ಕಾರು ಹೊರಗೇ ನಿಂತಿತ್ತು. ನಾನೇ ಹೊಲಿದು ಕೊಡುತ್ತೇನೆ ಎಂದರೆ, "ಬೇಡ, ನಿನಗ್ಯಾಕೆ ತೊಂದರೆ" ಎಂದ. ಅಣ್ಣ ಯಾವತ್ತು ಇನ್ನೊಬ್ಬರ ತೊಂದರೆಯ ಬಗ್ಗೆ ಯೋಚಿಸಿದ್ದಾನೆ? ಬಿಚ್ಚಿದ ಸೀಟನ್ನು ಹೊರಗಿನಿಂದಲೇ ಹೊಲಿದು ಮುಚ್ಚುವ ಆ ಬಾಗಿದ ಸೂಜಿಯನ್ನು ನಮ್ಮಲ್ಲಿ ಯಾರೂ ಯಾರಿಗೂ ಕೊಡುವುದಿಲ್ಲ. ಅವರವರ ಕೈಯೇ ಅದನ್ನು ಬಗ್ಗಿಸಿರುತ್ತದೆ, ಹಲ್ಲುಜ್ಜುವ ಬ್ರಷ್ಷಿನ ಹಾಗೆ ಅದು. ಅಣ್ಣ ಕೇಳಿದನೆಂದು ಕೊಟ್ಟೆ. ಮಾರನೆಯ ದಿನ ವಾಪಸು ತಂದುಕೊಟ್ಟ. ಅವನು ಯಾವುದನ್ನೂ ವಾಪಸು ಕೊಟ್ಟದ್ದು ಅದೇ ಮೊದಲು.

ಅವನಿಗೆ ಗೊತ್ತಿತ್ತು, ಅಪ್ಪ.

ನಮ್ಮ ಮನೆಯ ಗೇಟಿನ ಬ್ಯಾನರು ಇನ್ನೂ ಇದೆಯೇ? "ಹತ್ತು ವರ್ಷ. ಒಂದು ದಿನವೂ ಕಡಿಮೆ ಬೇಡ." ಮನೆಮನೆಗೆ ಹೋಗಿ ಸಹಿ ಹಾಕಿಸಿ, ಪುಡಿ ಸಮೇತ ಸಿಕ್ಕಿಬಿದ್ದವರಿಗೆ ಹತ್ತು ವರ್ಷವೆಂಬ ಆ ಕಾನೂನು ತರಿಸಿದವರಲ್ಲಿ ನೀವೂ ಒಬ್ಬರು. ಈಗ ಸುಳ್ಳು ಹೇಳು ಎಂದು ನನ್ನ ಹತ್ತಿರ ವಕೀಲರನ್ನು ಕಳಿಸಿದ್ದು ನೀವೇನಾ? ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆಯಿರಿ.

ನಿಮ್ಮ ಬುದ್ಧಿವಂತೆ ಮಗಳು


ಮೇ 15

ನಿನ್ನ ಕಾಗದ ತಲುಪಿತು. ನಿನ್ನ ಅಮ್ಮನ ಕೈಗೆ ಕೊಡಲಿಲ್ಲ.

ಸುಳ್ಳು ಹೇಳೆಂದು ನಾನು ಯಾರಿಗೂ ಹೇಳಿದವನಲ್ಲ. ಇಡೀ ಆಯುಷ್ಯ ಜೈಲಿನ ಗೇಟು ಕಾದವನು ನಾನು. ಸರಿಯಾಗಿ ನೆನಪು ಮಾಡಿಕೊಂಡು ಹೇಳಲಿ ಎಂದಿದ್ದೇನೆ, ಅಷ್ಟೇ. ಒಂಬತ್ತನೆಯ ತರಗತಿಯಲ್ಲಿ ಪರೀಕ್ಷೆಯ ದಿನ ಓದಿದ್ದೆಲ್ಲ ಮರೆತುಹೋಯಿತೆಂದು ಶಾಲೆಯ ಗೋಡೆ ಹಾರಿದವಳು ನೀನು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಂಥವಳಿಗೆ ಯಾರೋ ಎಂದೋ ಸೂಜಿ ಕೇಳಿದ್ದು ಮಾತ್ರ ಅಕ್ಷರಕ್ಕೆ ಅಕ್ಷರ ನೆನಪಿದೆ. ಸಂತೋಷ.

ಕಾನೂನಿನ ವಿಚಾರ ಎತ್ತಿದ್ದೀಯ. ಗೊತ್ತಿಲ್ಲದೆ ಮಾತಾಡಬೇಡ. ಮೂಲೆ ಮನೆಯ ಟೀಚರ ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ನಾನು. ನನ್ನ ತೋಳಿನಲ್ಲೇ ಅವಳು ತಣ್ಣಗಾದಳು. ಅವಳಿಗೆ ಆ ಪುಡಿ ಮಾರಿದವನು ವರ್ಷ ತುಂಬುವುದರೊಳಗೆ ಹೊರಗೆ ಬಂದ. ಅವನಿಗೆ ಗೇಟು ತೆಗೆದವನೂ ನಾನೇ. "ಬರ್ಲಾ ಸಾರ್, ಮತ್ತೆ ಸಿಗೋಣ" ಎಂದು ಕೈ ಬೀಸಿ ಹೋದ.

ನ್ಯಾಯಾಧೀಶರ ಕೈ ಕಟ್ಟಬೇಕೆಂದು ನಾನು ಕೇಳಿದ್ದು ನಿಜ. ಅವರ ದಯೆ ಯಾರಿಗೆ ಸಿಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ವಕೀಲ, ಅಳುವುದಕ್ಕೆ ಬರುವ ಅಮ್ಮ, ಇಷ್ಟು ಇದ್ದವನಿಗೆ ಮೂರು ತಿಂಗಳು. ಏನೂ ಇಲ್ಲದವನಿಗೆ ಅದೇ ತಪ್ಪಿಗೆ ಐದು ವರ್ಷ. ಎಲ್ಲರಿಗೂ ಒಂದೇ ಅಳತೆ ಇರಲಿ ಎಂದೆ. ಪುಡಿಗೆ ಸುಣ್ಣ ಬೆರೆಸಿ ತೂಕ ಹೆಚ್ಚಿಸುವವನಿಗೆ ರಿಯಾಯಿತಿ ಯಾಕೆ, ಬೆರಕೆಯನ್ನೂ ಸೇರಿಸಿ ತೂಗಿರಿ ಎಂದು ಸಭೆಯಲ್ಲಿ ಹೇಳಿದವನೂ ನಾನೇ. ಅದರಲ್ಲಿ ನನಗೆ ಈಗಲೂ ನಾಚಿಕೆಯಿಲ್ಲ.

ಆದರೆ ಆ ಕಾನೂನು ನಿನ್ನ ಅಣ್ಣನಂಥವರಿಗೆ ಮಾಡಿದ್ದಲ್ಲ. ಅವನು ಮಾರುವವನಲ್ಲ, ಡ್ರೈವರು. ಯಾರೋ ಕೊಟ್ಟರು, ಇವನು ತಂದ.

ಒಳಗೆ ಹತ್ತು ವರ್ಷ ಎಂದರೇನೆಂದು ನಿನಗೆ ಗೊತ್ತಿಲ್ಲ. ಒಳಗೆ ಹೋದವನು ಹೊರಗೆ ಬಂದದ್ದನ್ನು ನಾನು ನೋಡಿಯೇ ಇಲ್ಲ. ಅವನ ಬಟ್ಟೆ ಹಾಕಿಕೊಂಡು ಬೇರೆ ಯಾರೋ ಬರುತ್ತಾರೆ.

ವಕೀಲರು ಮತ್ತೆ ಬರುತ್ತಾರೆ. ಮರ್ಯಾದೆಯಿಂದ ಮಾತಾಡು.

ನಿನ್ನ ತಂದೆ


ಮೇ 22

ಅಪ್ಪನಿಗೆ,

"ಯಾರೋ ಕೊಟ್ಟರು, ಇವನು ತಂದ." ಈ ವಾಕ್ಯ ಬರೆದವರು ನೀವು. ಅಂದರೆ ಅವನಿಗೆ ಗೊತ್ತಿತ್ತೆಂದು ನಿಮಗೂ ಗೊತ್ತು. ಹಾಗಿದ್ದರೆ ನಾನು ಯಾವುದನ್ನು ಸರಿಯಾಗಿ ನೆನಪು ಮಾಡಿಕೊಳ್ಳಬೇಕು?

ಟೀಚರ ಮಗಳ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಅವಳು ನನಗಿಂತ ಎರಡು ತರಗತಿ ಮುಂದಿದ್ದಳು, ನನ್ನನ್ನು ಬೇರೆಯವರು ರೇಗಿಸಿದರೆ ಅವರ ಜಡೆ ಎಳೆಯುತ್ತಿದ್ದಳು. ಅವಳು ಸತ್ತದ್ದಕ್ಕೆ ಯಾರಾದರೂ ಅನುಭವಿಸಲಿ ಎಂದು ನನಗೂ ಅನಿಸಿತ್ತು. ಆದರೆ ನೀವು ತಂದ ಕಾನೂನು ಅವಳಿಗೆ ಮಾರಿದವನನ್ನು ಹಿಡಿಯಲಿಲ್ಲ. ಅವನು ಈಗ ಪುಡಿಯನ್ನು ಮುಟ್ಟುವುದೇ ಇಲ್ಲ, ಅಣ್ಣನಂಥವರ ಸೀಟಿನಲ್ಲಿ ಇಡಿಸುತ್ತಾನೆ. ಮುಟ್ಟಿದವನಿಗೆ ಹತ್ತು ವರ್ಷ ಎಂದಮೇಲೆ ಬುದ್ಧಿಯಿರುವ ಯಾವನು ಮುಟ್ಟುತ್ತಾನೆ? ಇದನ್ನು ತಿಳಿಯಲು ಒಂಬತ್ತನೆಯ ತರಗತಿ ಪಾಸಾಗಬೇಕಿಲ್ಲ.

ಎಲ್ಲರಿಗೂ ಒಂದೇ ಅಳತೆ ಇರಲಿ ಎಂದಿರಿ. ಒಳ್ಳೆಯ ಮಾತು, ನಿಜವಾಗಿ. ಓದುವಾಗ ಒಂದು ಕ್ಷಣ ನೀವೇ ಸರಿ ಅನಿಸಿತು. ಮರುಕ್ಷಣ ನೆನಪಾಯಿತು: ಈಗ ಒಬ್ಬನಿಗೆ ಮಾತ್ರ ಬೇರೆ ಅಳತೆ ಹುಡುಕುತ್ತಿದ್ದೀರಿ, ಅವನು ನಿಮ್ಮ ಮಗ. ಇಸ್ತ್ರಿ ಮಾಡಿದ ಅಂಗಿ ನೀವೇ ಕೊಂಡೊಯ್ದಿರಂತೆ. ಅಮ್ಮ ಹೇಳಿದಳು.

ನಾನು ಆ ಕಾನೂನನ್ನು ಒಪ್ಪುವವಳಲ್ಲ. ಹತ್ತು ವರ್ಷ ಅಣ್ಣನಿಗೆ ಅನ್ಯಾಯ. ಯಾರು ಕೇಳಿದರೂ ಹಾಗೇ ಹೇಳುತ್ತೇನೆ, ನ್ಯಾಯಾಧೀಶರು ಕೇಳಿದರೂ ಹೇಳುತ್ತೇನೆ. ಆದರೆ ಸೂಜಿ ಕೊಟ್ಟೆಯಾ ಎಂದರೆ ಕೊಟ್ಟೆ ಎನ್ನುತ್ತೇನೆ. ಕಾನೂನನ್ನು ಪ್ರೀತಿಸುವ ನೀವು ಸುಳ್ಳು ಬೇಕೆನ್ನುತ್ತೀರಿ, ಅದನ್ನು ಕಂಡರಾಗದ ನಾನು ಬೇಡವೆನ್ನುತ್ತೇನೆ. ಈ ಮನೆಯಲ್ಲಿ ಯಾರು ಯಾರ ಕಡೆ ಎಂದು ಅಮ್ಮನಿಗೆ ಹೇಗೆ ವಿವರಿಸುತ್ತೀರೋ ನೋಡೋಣ.

ವಕೀಲರನ್ನು ಮತ್ತೆ ಕಳಿಸಬೇಡಿ. ಅವರ ಪ್ಯಾಂಟಿಗೆ ಅಂಟಿಕೊಂಡ ಫೋಮಿನ ಚೂರು ಕಿತ್ತು ಕಿತ್ತು ನನಗೆ ಸಾಕಾಯಿತು.

ಮಗಳು


ಜೂನ್ 10

ಬಾಲ ಸುಟ್ಟ ಬೆಕ್ಕೇ,

ಈ ಕಾಗದವನ್ನು ನಿನಗಿಂತ ಮೊದಲು ಇಲ್ಲಿಯ ಆಫೀಸಿನವರು ಓದುತ್ತಾರೆ. ಅವರಿಗೂ ನನ್ನ ನಮಸ್ಕಾರ.

ಇಲ್ಲಿ ಅಪ್ಪನನ್ನು ಎಲ್ಲರೂ ಬಲ್ಲರು. ಹಳೆಯ ಕೈದಿಗಳು ಅವರಿಗೆ ಇಟ್ಟಿರುವ ಹೆಸರು ಚಿಲಕ. ನಮಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ ನೋಡು, ಮನೆಯಲ್ಲಿ ಎಷ್ಟು ಚೆನ್ನಾಗಿ ಉಪಯೋಗವಾಗುತ್ತಿತ್ತು. ಮೊದಲ ದಿನವೇ ನನಗೆ ಚಿಲಕದ ಮರಿ ಎಂದು ಹೆಸರಾಯಿತು. ಊಟದ ಸಾಲಿನಲ್ಲಿ ನನ್ನ ತಟ್ಟೆ ಆಗಾಗ ಕೆಳಗೆ ಬೀಳುತ್ತದೆ. ಬೀಳುತ್ತದೆ ಎಂದೇ ಬರೆಯಬೇಕು. ಒಮ್ಮೆ ನಾನೂ ಬಿದ್ದೆ. ಈಗ ಎಡಗಣ್ಣು ಪೂರ್ತಿ ತೆರೆಯುತ್ತಿದೆ.

ಅಪ್ಪ ನಿನಗೆ ಏನು ಬರೆದಿದ್ದಾರೋ ಗೊತ್ತಿಲ್ಲ, ಆದರೆ ಊಹಿಸಬಲ್ಲೆ. ನೀನು ಏನು ಉತ್ತರ ಕೊಟ್ಟಿದ್ದೀಯೋ ಅದನ್ನೂ ಊಹಿಸಬಲ್ಲೆ. ನೀನು ಚಿಕ್ಕವಳಿದ್ದಾಗ, ಸೈಕಲ್ಲಿನಿಂದ ಕೆಡವಿದ್ದು ನಾನೇ ಎಂದು ಮನೆಯಲ್ಲಿ ಹೇಳಬೇಡ ಅಂತ ನಿನ್ನ ಕಾಲು ಎಷ್ಟು ಹಿಡಿದೆ. ರಕ್ತ ಸೋರುತ್ತಿದ್ದರೂ ನೀನು ಮೊದಲು ಅದನ್ನೇ ಹೇಳಿದೆ, ಆಮೇಲೆ ಅತ್ತೆ.

ನಿನಗೆ ಹೀಗೆ ಹೇಳು ಹಾಗೆ ಹೇಳು ಎಂದು ನಾನು ಬರೆಯುವುದಿಲ್ಲ. ಬರೆದರೆ ಆಫೀಸಿನವರು ಕಪ್ಪು ಶಾಯಿ ಬಳಿಯುತ್ತಾರೆ, ನೀನು ಅದಕ್ಕಿಂತ ಕಪ್ಪಾಗಿ ಏನಾದರೂ ಬರೆಯುತ್ತೀಯ. ಒಂದೇ ಕೇಳುತ್ತೇನೆ. "ನನಗೆ ಗೊತ್ತಿಲ್ಲ" ಎಂಬುದು ಸುಳ್ಳಿನ ಲೆಕ್ಕಕ್ಕೆ ಬರುತ್ತದೆಯೇ? ಯೋಚನೆ ಮಾಡು. ಬರುತ್ತದೆ ಎಂದಾದರೆ, ಹೇಳುವುದನ್ನು ನನ್ನ ಮುಖ ನೋಡಿ ಹೇಳು. ನ್ಯಾಯಾಧೀಶರ ಮುಖ ನೋಡಿಕೊಂಡು ನನಗೆ ಬೆನ್ನು ಹಾಕಬೇಡ. ಅಷ್ಟಾದರೂ ಮಾಡು ಮಾರಾಯ್ತಿ.

ಅಣ್ಣ


ಜೂನ್ 28

ನಿನಗೆ ಹೇಳದೆ ಸೋಮವಾರ ನಿನ್ನ ಊರಿಗೆ ಬಂದಿದ್ದೆ. ನಿನ್ನ ಜೊತೆ ಮುಖಾಮುಖಿ ಮಾತಾಡಬೇಕೆಂದೇ ಬಂದದ್ದು. ಅಂಗಡಿಯ ಎದುರಿನ ಕಾಲುದಾರಿಯಲ್ಲಿ ಅರ್ಧ ಗಂಟೆ ನಿಂತಿದ್ದು ತಿರುಗಿ ಬಂದೆ. ನೀನು ನೆಲದ ಮೇಲೆ ಮಂಡಿಯೂರಿ ಯಾರದೋ ಸೋಫಾದ ಹೊಟ್ಟೆಯೊಳಗೆ ಭುಜದವರೆಗೂ ಕೈ ಹಾಕಿದ್ದೆ. ಎಂಜಿನಿಯರ್ ಆಗುತ್ತಾಳೆ ಎಂದುಕೊಂಡಿದ್ದ ಮಗಳು.

ನಾನು ತಿರುಗಿ ಬಂದದ್ದು ಆ ಕಾರಣಕ್ಕಲ್ಲ. ನಿನ್ನ ಪಕ್ಕದಲ್ಲಿ ಕೂತು ಮೊಳೆ ಹೊಡೆಯುತ್ತಿದ್ದವನನ್ನು ನೋಡಿದೆ. ನೀನು ಮಾಮ ಎಂದು ಕರೆಯುವವನು. ಅವನು ಜೈಲಿನಲ್ಲಿ, ನನ್ನ ಬ್ಲಾಕಿನಲ್ಲೇ ಮೂರು ವರ್ಷ ಇದ್ದವನು. ಇದೇ ಪುಡಿಯ ಕೇಸು. ನಿನಗೆ ಹೇಳಿದ್ದಾನೆಯೇ? ಹೇಳಿರಲಾರ. ಅಂಥವರು ಹೇಳುವುದಿಲ್ಲ.

ಈಗ ನೀನೇ ಯೋಚಿಸು. ಆ ಸೀಟು ಒಂದು ವಾರ ನಿಮ್ಮ ಅಂಗಡಿಯಲ್ಲಿ ಬಿಚ್ಚಿಟ್ಟಿತ್ತು. ಫೋಮು ತುಂಬಿದವನು ಅವನು. ನೀನು ಮೇಲಿನ ಬಟ್ಟೆ ಹೊಲಿದವಳು, ಅಷ್ಟೇ. ಒಳಗೆ ಯಾರ ಕೈ ಹೋಗಿತ್ತೆಂದು ಪೊಲೀಸರು ಯೋಚಿಸಿಲ್ಲ, ಯಾಕೆಂದರೆ ಯಾರೂ ಅವರಿಗೆ ಹೇಳಿಲ್ಲ. ನಿನ್ನನ್ನು ಸುಳ್ಳು ಹೇಳೆಂದು ಯಾರೂ ಕೇಳುತ್ತಿಲ್ಲ. ಫೋಮು ತುಂಬಿದ್ದು ಯಾರು ಎಂದು ಕೇಳಿದರೆ ಅವನ ಹೆಸರು ಹೇಳು. ಅದು ನಿಜ ತಾನೇ? ನಿಜ ಹೇಳುವುದರಲ್ಲಿ ನಿನಗೆ ಅಷ್ಟು ಪ್ರೀತಿ.

ಅವನಿಗೆ ಒಳಗಿನದು ಹೊಸದಲ್ಲ. ಹೇಗಿರಬೇಕೆಂದು ಅವನಿಗೆ ಗೊತ್ತು. ನಿನ್ನ ಅಣ್ಣನಿಗೆ ಗೊತ್ತಿಲ್ಲ. ಅವನ ಕಣ್ಣು ನೋಡಿ ಬಂದಿದ್ದೇನೆ.

ನಿನ್ನ ತಂದೆ


ಜುಲೈ 13

ಚಿಲಕ ಅವರಿಗೆ,

ಈ ಹೆಸರು ನಿಮಗೆ ಗೊತ್ತಿರಬೇಕು. ಅಪ್ಪ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ಗುರುವಾರ ಪೊಲೀಸರು ಬಂದು ಮೊಳೆ ಮಾಮನನ್ನು ಕರೆದುಕೊಂಡು ಹೋದರು. ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ, ಪೊಲೀಸರು ಕಾಯುತ್ತಿದ್ದರು. ಮಾಲೀಕರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾರೋ ಜವಾಬ್ದಾರಿಯುತ ನಾಗರಿಕರು ಮಾಹಿತಿ ಕೊಟ್ಟರಂತೆ. ನಾನು ಕೊಡದೇ ಇದ್ದಾಗ ನೀವೇ ಕೊಟ್ಟಿರಿ.

ನಿಮ್ಮ ಕಾಗದ ಬಂದ ದಿನವೇ ನಾನು ಅವನನ್ನು ಕೇಳಿದ್ದೆ. ಚಹಾ ಕುಡಿಯುತ್ತ ಕೂತಿದ್ದೆವು.

"ಮಾಮ, ನೀನು ಒಳಗಿದ್ದೆಯಾ?"

"ಇದ್ದೆ."

"ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಕೆಲಸಕ್ಕೆ ಸೇರಿದ ದಿನ ಕೇಳಿದ್ದು ಒಂದೇ, ಊಟಕ್ಕೆ ಎಷ್ಟು ಹೊತ್ತು ಬಿಡ್ತಾರೆ ಅಂತ."

"ಮಾರ್ತಿದ್ದೆಯಾ?"

"ಮಾರೋಕೆ ಬುದ್ಧಿ ಬೇಕು ಕಣಮ್ಮ. ತಗೋತಿದ್ದೆ. ಒಂದು ವಾರಕ್ಕೆ ಆಗೋಷ್ಟು ಜೇಬಲ್ಲಿತ್ತು. ಅಷ್ಟು ಇದ್ರೆ ಮಾರೋನೇ ಅಂದ್ರು."

ಆಗ ಹೇಳಿದೆ, ನೀವು ನನ್ನ ಅಪ್ಪ ಎಂದು. ಅವನು ಲೋಟ ಕೆಳಗಿಟ್ಟು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. "ಮೂಗು ಅವರದೇ" ಎಂದ. "ಒಳ್ಳೆ ಮನುಷ್ಯ ಅಂತ ನಾನು ಹೇಳಲ್ಲ. ಆದ್ರೆ ಯಾರ ಮೇಲೂ ಕೈ ಮಾಡಿದವರಲ್ಲ, ಯಾರ ಸಾಬೂನೂ ಕದ್ದವರಲ್ಲ. ಒಳಗೆ ಅದು ದೊಡ್ಡ ಮಾತು." ನಿಮ್ಮ ಬಗ್ಗೆ ಅವನು ಹೇಳಿದ್ದು ಇಷ್ಟು. ಅವನ ಬಗ್ಗೆ ನೀವು ಹೇಳಿದ್ದು ಏನೆಂದು ಈಗ ಗೊತ್ತಾಗಿದೆ.

ಅವನ ಕೋಣೆ ಜಾಲಾಡಿದರು. ಏನೂ ಸಿಗಲಿಲ್ಲ. ಆದರೂ ಬಿಡಲಿಲ್ಲ, ಹಳೆಯ ಕೇಸು ಇತ್ತಲ್ಲ. ಶುಕ್ರವಾರ ನಾನು ಠಾಣೆಗೆ ಹೋದೆ. ಇಡೀ ರಾತ್ರಿ ಅಣ್ಣನ ಪ್ರಶ್ನೆಯೊಂದಿಗೆ ಗುದ್ದಾಡಿದ್ದೆ. ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆಯೇ? ನಿಜ ಹೇಳಬೇಕೆಂದರೆ, ಯಾರೂ ನನ್ನನ್ನು ಕೇಳದೇ ಹೋಗಲಿ ಎಂದು ನಾನು ಇಷ್ಟು ದಿನ ಕಾಯುತ್ತಿದ್ದೆ. ಕೇಳದಿದ್ದರೆ ಹೇಳಬೇಕಾಗುವುದಿಲ್ಲವಲ್ಲ. ಆ ದಾರಿ ಮುಚ್ಚಿದವರು ನೀವು. ಅಣ್ಣನನ್ನು ಬಿಡಿಸಲು ಹೋಗಿ ನನ್ನನ್ನು ಠಾಣೆಗೆ ತಳ್ಳಿದಿರಿ.

ಅಲ್ಲಿದ್ದ ಇನ್‌ಸ್ಪೆಕ್ಟರಿಗೆ ಎಲ್ಲ ಹೇಳಿದೆ. ಸೀಟು ಹೊಲಿದದ್ದು ಯಾವಾಗ, ಅಣ್ಣ ಸೂಜಿ ಕೇಳಿದ್ದು ಯಾವಾಗ, ನಾನೇ ಹೊಲಿಯುತ್ತೇನೆ ಎಂದರೆ ಬೇಡವೆಂದದ್ದು.

"ಇದನ್ನ ಹೇಳಿದ್ರೆ ನಿಮ್ಮಣ್ಣ ಒಳಗೆ, ಗೊತ್ತಲ್ಲ?" ಎಂದರು.

"ಗೊತ್ತು."

"ಸೂಜಿ ಕೊಟ್ಟಿದ್ದಕ್ಕೆ ನೀನೂ ಒಳಗೆ ಹೋಗಬಹುದು."

"ಹೋಗ್ತೀನಿ. ಮೊದಲು ಮಾಮನನ್ನ ಬಿಡಿ."

"ಅವನು ನಿನಗೇನಾಗಬೇಕು?"

"ಏನೂ ಆಗಬೇಕಿಲ್ಲ" ಎಂದೆ.

ಮಾಮನನ್ನು ಬಿಟ್ಟರು, ನನ್ನನ್ನು ಸಾಕ್ಷಿ ಎಂದು ಬರೆದುಕೊಂಡರು. ಪೊಲೀಸರು ಬಿಟ್ಟಲ್ಲಿಂದ ಅಂಗಡಿಯ ಮಾಲೀಕರು ಹಿಡಿದುಕೊಂಡರು. ಪೊಲೀಸು ಹೊಕ್ಕ ಅಂಗಡಿಗೆ ಗಿರಾಕಿ ಬರುವುದಿಲ್ಲ ಎಂದು ಅವನನ್ನು ಕೆಲಸದಿಂದ ತೆಗೆದರು. ನನ್ನನ್ನು ತೆಗೆಯಲಿಲ್ಲ. ನಾನು ಒಳ್ಳೆಯ ಮನೆತನದವಳಂತೆ.

ವಿಚಾರಣೆಗೆ ಕರೆದಾಗ ಬರುತ್ತೇನೆ. ಅಮ್ಮನಿಗೆ ನೀವು ಹೇಳುತ್ತೀರೋ, ನಾನೇ ಹೇಳಲೋ?

ಮಗಳು


ಸೆಪ್ಟೆಂಬರ್ 19

ಹತ್ತು ವರ್ಷ.

ನೀನು ನಿನ್ನ ಮಾತು ಮುಗಿಸಿ ಬಸ್ಸು ಹಿಡಿದು ಹೋದೆ. ತೀರ್ಪಿನ ದಿನ ನಾವು ಮಾತ್ರ ಇದ್ದೆವು. ಪುಡಿಯಲ್ಲಿ ಮುಕ್ಕಾಲು ಪಾಲು ಸುಣ್ಣವಿತ್ತಂತೆ. ಶಿಕ್ಷೆ ತೂಕದ ಮೇಲೆ, ಸುಣ್ಣ ಬಿಟ್ಟು ತೂಗಿದರೆ ಒಂದೆರಡು ವರ್ಷದಲ್ಲಿ ಮುಗಿಯುತ್ತಿತ್ತು. "ನನಗೆ ಬಿಟ್ಟರೆ ಇಷ್ಟು ಕೊಡುತ್ತಿರಲಿಲ್ಲ, ಆದರೆ ಕಾನೂನು ನನಗೆ ಬಿಟ್ಟಿಲ್ಲ" ಎಂದರು ನ್ಯಾಯಾಧೀಶರು. ಹೇಳುವಾಗ ನನ್ನ ಕಡೆ ನೋಡಿದರು ಅನಿಸಿತು. ನೋಡಿರಲಾರರು, ನಾನು ಯಾರೆಂದು ಅವರಿಗೇನು ಗೊತ್ತು.

ಸಾಕ್ಷಿ ಹೇಳುವಾಗ ನೀನು ಅವನ ಮುಖವನ್ನೇ ನೋಡುತ್ತಿದ್ದೆ. ಒಂದು ಸಲವೂ ಕಣ್ಣು ತಗ್ಗಿಸಲಿಲ್ಲ. ಅಷ್ಟು ಕಲ್ಲು ಮನಸ್ಸು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಸದ್ಯಕ್ಕೆ ಮನೆಗೆ ಬರಬೇಡ. ನಿನ್ನ ಅಮ್ಮನೂ ಹೀಗೇ ಹೇಳುತ್ತಾಳೆಂದು ಬರೆಯುತ್ತಿಲ್ಲ. ಇದು ನನ್ನ ಮಾತು.

ತಂದೆ


ನವೆಂಬರ್ 24

ಬರೆಯಬಾರದೆಂದುಕೊಂಡಿದ್ದೆ. ನಿನ್ನ ಅಮ್ಮ ಮಾತು ಬಿಟ್ಟಿದ್ದಾಳೆ. ಮಾತಾಡಲು ಮನೆಯಲ್ಲಿ ಬೇರೆ ಯಾರೂ ಇಲ್ಲ.

ಭೇಟಿಯ ದಿನ ಇಬ್ಬರೂ ಹೋಗಿದ್ದೆವು. ಗೇಟಿನಲ್ಲಿ ಇದ್ದವನು ನಾನೇ ಕೆಲಸ ಕಲಿಸಿದ ಹುಡುಗ, ಈಗ ಅವನಿಗೂ ತಲೆ ನರೆತಿದೆ. ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಅವನು ಅಮ್ಮನನ್ನ ಮಾತ್ರ ನೋಡ್ತೀನಿ ಅಂದಿದ್ದಾನೆ. ಅಮ್ಮನನ್ನ, ಮತ್ತೆ ತಂಗೀನ" ಎಂದ. ಕೈದಿ ಬೇಡವೆಂದವರನ್ನು ಒಳಗೆ ಬಿಡುವಂತಿಲ್ಲ. ಆ ನಿಯಮವನ್ನು ನಾನೇ ಎಷ್ಟೋ ಜನರ ಮುಖಕ್ಕೆ ಹೇಳಿದವನು. ಒಂದು ಸಲ ಒಬ್ಬ ಮುದುಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದ, ಎಬ್ಬಿಸಿ ಕಳಿಸಿದ್ದೆ. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಅದು ಎಷ್ಟು ಗಿಡ್ಡ ಬೆಂಚು ಎಂದು ಅವತ್ತು ತಿಳಿಯಿತು. ಮಂಡಿ ಎದೆಗೆ ಬರುತ್ತದೆ.

ಅವನ ವಿರುದ್ಧ ಸಾಕ್ಷಿ ಹೇಳಿದವಳು ಬೇಕು, ಅವನಿಗಾಗಿ ಓಡಾಡಿದವನು ಬೇಡ. ನನಗೆ ಅರ್ಥವಾಗುವುದಿಲ್ಲ. ನಿನಗೆ ಅರ್ಥವಾದರೆ ನನಗೆ ವಿವರಿಸಬೇಡ.

ಇನ್ನೊಂದು ವಿಷಯ. ಭಾನುವಾರ ನಮ್ಮ ಬೀದಿಯ ಸಂಘದ ಸಭೆ ಇತ್ತು. ಹತ್ತು ವರ್ಷ ಸಾಲದು, ಹದಿನೈದು ಆಗಬೇಕೆಂದು ಹೊಸ ಮನವಿ ಕೊಡುತ್ತಾರಂತೆ. ನಾನು ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಟೀಚರು ಮುಂದಿನ ಸಾಲಿನಲ್ಲಿದ್ದರು. ಒಪ್ಪುವವರು ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿ, ಆಮೇಲೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಟೀಚರು ಮಾತ್ರ ತಿರುಗಲಿಲ್ಲ.

ಕೈ ಎತ್ತಿದೆ.

ಎತ್ತದಿದ್ದರೆ, ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಬೇರೆಯವರ ಮಕ್ಕಳಿಗೆ ಮಾತ್ರ ಎಂದಾಗುತ್ತಿತ್ತು. ನೀನು ಮೇ ತಿಂಗಳಲ್ಲಿ ಬರೆದದ್ದೂ ಅದನ್ನೇ ಅಲ್ಲವೇ? ಮನೆಗೆ ಬಂದು ಕೈ ತೊಳೆದುಕೊಂಡೆ. ಯಾಕೆಂದು ಗೊತ್ತಿಲ್ಲ.

ನೀನು ಅವನನ್ನು ನೋಡಲು ಹೋಗುತ್ತೀಯೆಂದು ನನಗೆ ಗೊತ್ತು. ನಾನು ಕೈ ಎತ್ತಿದ್ದನ್ನು ಅವನಿಗೆ ಹೇಳಬೇಡ. ನಿನ್ನನ್ನು ಇನ್ನೇನೂ ಕೇಳುವುದಿಲ್ಲ.

ತಂದೆ


ಡಿಸೆಂಬರ್ 18

ಅಪ್ಪನಿಗೆ,

ನಿನ್ನೆ ಅಣ್ಣನನ್ನು ನೋಡಿ ಬಂದೆ. ನಡುವೆ ತಂತಿಯ ಬಲೆ ಇದೆ, ಅದರ ಹಿಂದೆ ಇನ್ನೊಂದು ಬಲೆ ಇದೆ, ಎರಡರ ಮೂಲಕ ನೋಡಿದರೆ ಮುಖ ಚೂರು ಚೂರಾಗಿ ಕಾಣುತ್ತದೆ. ಎರಡೂ ಕಡೆ ಜನ ಕೂಗಿಕೊಂಡೇ ಮಾತಾಡುತ್ತಾರೆ. ನಾವೂ ಕೂಗಿದೆವು. ತೆಳ್ಳಗಾಗಿದ್ದಾನೆ. ಎಡಗಣ್ಣಿನ ಮೇಲೆ ಗೆರೆ ಉಳಿದಿದೆ. ಜೈಲಿನ ಕಾರ್ಖಾನೆಯಲ್ಲಿ ಕುರ್ಚಿಗೆ ಪ್ಲಾಸ್ಟಿಕ್ ಪಟ್ಟಿ ನೇಯುವ ಕೆಲಸ ಕೊಟ್ಟಿದ್ದಾರಂತೆ. "ನಿನ್ನ ಕೆಲಸದವನೇ ಆದೆ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ನಾನು ಹೇಳಿದ್ದಕ್ಕೆ ಅವನು ನನ್ನನ್ನು ಕ್ಷಮಿಸಿದ್ದಾನೆ ಎಂದುಕೊಳ್ಳಬೇಡಿ. ಮೊದಲ ಮಾತೇ, "ಗೊತ್ತಿಲ್ಲ ಅನ್ನೋಕೆ ನಿನಗೇನಾಗಿತ್ತೇ ದರಿದ್ರವೇ" ಎಂಬುದು. ಹಲ್ಲು ಕಚ್ಚಿಕೊಂಡು ಹೇಳಿದ. ಸ್ವಲ್ಪ ಹೊತ್ತು ಪಕ್ಕದವರು ಕೂಗುವುದನ್ನು ಇಬ್ಬರೂ ಕೇಳುತ್ತ ನಿಂತೆವು. ಆಮೇಲೆ ತಾನಾಗಿ ಕೇಳಿದ.

"ಅಪ್ಪ ಹೇಗಿದ್ದಾರೆ?"

ಚೆನ್ನಾಗಿದ್ದಾರೆ ಎಂದು ನಾಲಿಗೆಯ ತುದಿಯವರೆಗೆ ಬಂತು. ಎಲ್ಲರೂ ಹೇಳುವ ಮಾತು, ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ನೀವು ಕೇಳಿದ್ದೂ ಅಷ್ಟೇ. ನನ್ನಿಂದ ಆಗಲಿಲ್ಲ.

"ಸಂಘದ ಸಭೆಗೆ ಹೋಗಿದ್ರು" ಎಂದೆ. "ಹದಿನೈದು ವರ್ಷ ಮಾಡಬೇಕು ಅಂತ ಕೈ ಎತ್ತಿದ್ರು."

"ಏನಂದೆ?"

ಮತ್ತೆ ಕೂಗಿ ಹೇಳಬೇಕಾಯಿತು. ಈ ಸಲ ಪಕ್ಕದವರೂ ಕೇಳಿಸಿಕೊಂಡರು. ಅಣ್ಣ ಎರಡೂ ಕೈಯಲ್ಲಿ ಬಲೆ ಹಿಡಿದುಕೊಂಡ.

"ನನಗೆ ಅದು ಅನ್ವಯಿಸಲ್ಲ ತಾನೇ?"

"ಇಲ್ಲ. ಇನ್ಮೇಲೆ ಬರೋರಿಗೆ."

"ನೀನು ಯಾಕೆ ಹೇಳಿದೆ ಇದನ್ನ?"

"ಹೇಳಬೇಡ ಅಂದ್ರು ಅವರು."

ಅವನು ಹಣೆಯನ್ನು ಬಲೆಗೆ ಒತ್ತಿಕೊಂಡ. "ಒಂದೇ ಮನೇಲಿ ನಿಮ್ಮಂಥವರು ಇಬ್ಬರು. ನಾನು ಡ್ರೈವರ್ ಆಗಿ ಊರು ಬಿಟ್ಟು ಓಡಾಡ್ತಿದ್ದಿದ್ದು ಸುಮ್ಮನೆ ಅಲ್ಲ" ಎಂದ. ನೀವು ಮೊಳೆ ಮಾಮನನ್ನು ಹಿಡಿಸಿದ್ದನ್ನೂ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಮಾಮ ಈಗ ಬಸ್ಸುಗಳ ಸೀಟಿಗೆ ತೇಪೆ ಹಾಕುವ ಕಡೆ ಕೂಲಿಗೆ ಹೋಗುತ್ತಾನೆ, ನೀವು ಕೇಳದಿದ್ದರೂ ನಿಮಗೆ ಹೇಳುತ್ತಿದ್ದೇನೆ. ಅವನ ವಿಳಾಸ ನನ್ನಲ್ಲಿದೆ. ಅವನಿಗೊಂದು ಕಾಗದ ಬರೆಯುವುದು ನಿಮಗೆ ಬಿಟ್ಟದ್ದು.

ಸಮಯ ಮುಗಿಯಿತೆಂದು ಸೀಟಿ ಊದಿದರು. ಹೊರಡುವ ಮೊದಲು ಕೇಳಿದೆ, "ಅಪ್ಪನನ್ನ ನೋಡ್ತೀಯಾ?"

"ಇಲ್ಲ."

"ಮುಂದಿನ ತಿಂಗಳು?"

"ಮುಂದಿನ ತಿಂಗಳು ಕೇಳು" ಎಂದ.

ಅಷ್ಟೇ ಹೇಳಿದ್ದು. ಅದರೊಳಗೆ ಹೌದು ಎಂಬುದನ್ನು ಹುಡುಕಬೇಡಿ. ವಾಪಸು ಬರುವ ಬಸ್ಸಿನಲ್ಲಿ ನಾನು ಹುಡುಕಿದೆ, ಸಿಗಲಿಲ್ಲ.

ನೀವು ಕೈ ಎತ್ತಿದ್ದು ತಪ್ಪೆಂದೇ ನನಗೆ ಈಗಲೂ ಅನಿಸುತ್ತದೆ. ಇನ್ನು ಯಾರದೋ ಮನೆಯ ಹುಡುಗ ಆ ಹದಿನೈದು ವರ್ಷದೊಳಗೆ ಹೋಗುತ್ತಾನೆ. ಈ ವಿಷಯದಲ್ಲಿ ನಿಮ್ಮ ಜೊತೆ ನನ್ನ ಜಗಳ ಮುಗಿಯುವುದಿಲ್ಲ, ಮುಗಿಸುವ ಆಸೆಯೂ ಇಲ್ಲ.

ಮನೆಗೆ ಬರುವುದಿಲ್ಲ, ನೀವು ಕರೆದಿಲ್ಲ. ಆದರೆ ಜನವರಿಯ ಭೇಟಿಯ ದಿನ ಅಮ್ಮನನ್ನು ಕರೆದುಕೊಂಡು ಗೇಟಿನವರೆಗೆ ಬನ್ನಿ. ನಾವು ಒಳಗೆ ಹೋಗುತ್ತೇವೆ. ಅವನನ್ನು ಮತ್ತೆ ಕೇಳುತ್ತೇನೆ. ಅವನು ಬೇಡವೆಂದರೆ ನಾನು ಹೊರಗೆ ಬಂದು, ನಿಮ್ಮ ಮುಂದೆ ನಿಂತು, ಬೇಡವೆಂದ ಎಂದೇ ಹೇಳುತ್ತೇನೆ. ಆ ಬೆಂಚಿನ ಮೇಲೆ ಕೂತೇ ಕೇಳಿಸಿಕೊಳ್ಳಿ.

ನಿಮ್ಮ ಮಗಳು